'ಮಂಡೆಗೆ ಹತ್ತುವುದಿಲ್ಲ' ಎನ್ನುವ ಮಗುವನ್ನು ಓದಿಸುವುದು ಹೇಗೆ?

ಓಣಂ ಪರೀಕ್ಷೆಯ ಪೇಪರು ಕೈಗೆ ಬಂದ ವಾರ ಕಾಸರಗೋಡಿನ ಯಾವ ಶಾಲೆಯ ಕ್ಲಾಸ್ ಪಿಟಿಎಗೆ ಹೋಗಿ ಕೂತರೂ ಮೂರು ಮಾತು ಕಿವಿಗೆ ಬೀಳುತ್ತವೆ. "ಅವನಿಗೆ ಲೆಕ್ಕ ಮಂಡೆಗೆ ಹತ್ತುವುದೇ ಇಲ್ಲ ಟೀಚರ್, ನನಗೂ ಹತ್ತುತ್ತಿರಲಿಲ್ಲ." ಇದು ಒಂದು. "ಇವಳಿಗೆ ಬುದ್ಧಿ ಉಂಟು, ಪುಸ್ತಕ ಮುಟ್ಟದಿದ್ದರೂ ಮಾರ್ಕ್ ಬರ್ತದೆ." ಇದು ಎರಡು. ಮೂರನೆಯದು ಸ್ವಲ್ಪ ಹೊಸತು, ಯೂಟ್ಯೂಬಿನಿಂದ ಬಂದದ್ದು: "ನಮ್ಮವ ವಿಷುವಲ್ ಲರ್ನರ್. ಓದಿದರೆ ಹೋಗುವುದಿಲ್ಲ, ವಿಡಿಯೋ ತೋರಿಸಬೇಕು."

ಒಂದು ಬೈಗುಳ, ಒಂದು ಹೊಗಳಿಕೆ, ಒಂದು ವಿಜ್ಞಾನದ ಹಾಗೆ ಕೇಳಿಸುವ ಮಾತು. ಆದರೆ ಮಗುವಿನ ಮೇಲೆ ಮೂರೂ ಮಾಡುವ ಕೆಲಸ ಒಂದೇ. ಕಷ್ಟದ ಪಾಠ ಎದುರಾದಾಗ ಪುಸ್ತಕ ಮುಚ್ಚಿಡಲು ಒಂದು ಮರ್ಯಾದೆಯ ಕಾರಣ ಕೊಡುತ್ತವೆ. ನಾನು ಸಂಜೆ ಹೊತ್ತು ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಅಲ್ಲಿಗೆ ಬರುವ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಬರೆದರೆ ಹೇಗೆ ಅಂತ ಇದನ್ನು ಬರೆದೆ. ಓದಿ ಆದ ಮೇಲೆ ಮನೆಯಲ್ಲಿ ಎಂತ ಹೇಳಬೇಕು, ಎಂತ ಮಾಡಿಸಬೇಕು ಅನ್ನುವುದು ಗೊತ್ತಾದರೆ ಸಾಕು.

ಮೊದಲು 'ದಡ್ಡ' ಅನ್ನುವುದನ್ನು ಬಿಡಿ

ನಮ್ಮ ಊರಿನ ಒಬ್ಬ ಸಾಧಾರಣ ಹುಡುಗನನ್ನು ನೋಡಿ. ಮನೆಯಲ್ಲಿ ತುಳು, ಅಥವಾ ಹವ್ಯಕ, ಕರಾಡ, ಕೊಂಕಣಿ, ಬ್ಯಾರಿ. ಶಾಲೆಯಲ್ಲಿ ಕನ್ನಡ. ಬಸ್ಸಿನ ಕಂಡಕ್ಟರನ ಹತ್ತಿರ ಮಲಯಾಳ. ಅದರ ಮೇಲೆ ಪಠ್ಯದಲ್ಲಿ ಇಂಗ್ಲಿಷ್, ಹಿಂದಿ. ಬದಿಯಡ್ಕ ಪೇಟೆಯಲ್ಲಿ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗುವಾಗ ಯೋಚನೆ ಮಾಡದೆ ಭಾಷೆ ಬದಲಿಸುವ ಇದೇ ಹುಡುಗನಿಗೆ ಮನೆಯಲ್ಲಿ "ನಿನಗೆ ಮಂಡೆ ಇಲ್ಲ" ಅನ್ನುತ್ತೇವೆ. ಮಲಯಾಳವನ್ನು ಅವನಿಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ತಪ್ಪು ಮಾತಾಡಿ, ನಗಿಸಿಕೊಂಡು, ಮತ್ತೆ ಮಾತಾಡಿ ಕಲಿತದ್ದು. ಲೆಕ್ಕದಲ್ಲಿ ಮಾತ್ರ ಮೊದಲ ತಪ್ಪಿಗೇ ಅವನ ಹಣೆಬರಹ ಬರೆದು ಮುಗಿಸುವುದು ಯಾಕೆ?

ಬುದ್ಧಿ ಅಳೆಯುವ ಪರೀಕ್ಷೆಯ ಕಥೆಯನ್ನೂ ತಿಳಿದುಕೊಂಡರೆ ಒಳ್ಳೆಯದು. ಇಂಥ ಮೊದಲ ಪರೀಕ್ಷೆಯನ್ನು 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ಮಾಡಿದರು. ಯಾವ ಮಕ್ಕಳಿಗೆ ಪಾಠದಲ್ಲಿ ಹೆಚ್ಚಿನ ಸಹಾಯ ಬೇಕು ಅಂತ ಹುಡುಕುವುದು ಅದರ ಉದ್ದೇಶ. ಬುದ್ಧಿ ಅಂದರೆ ಹುಟ್ಟುವಾಗಲೇ ನಿಗದಿಯಾದ, ಹೆಚ್ಚಾಗದ ಒಂದು ಪ್ರಮಾಣ ಅನ್ನುವ ಮಾತನ್ನು ಬಿನೆಯೇ 1909ರಲ್ಲಿ ಕಟುವಾಗಿ ವಿರೋಧಿಸಿದ. ಆಮೇಲೆ ಬಂದವರು ಸಹಾಯದ ಭಾಗವನ್ನು ಮರೆತು ಅಂಕೆಯನ್ನು ಮಾತ್ರ ಇಟ್ಟುಕೊಂಡರು.

ಹಾಗಂತ ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಕಲಿಯುತ್ತಾರೆ ಅಂತ ನಾನು ಹೇಳುವುದಿಲ್ಲ. ವ್ಯತ್ಯಾಸ ಉಂಟು, ಟ್ಯೂಷನ್ ಹೇಳುವವರಿಗೆ ಅದು ದಿನಾ ಕಾಣುತ್ತದೆ. ಆದರೆ ಬೇಗ ಕಲಿಯುವುದು ಬೇರೆ, ಕಲಿಯಲಿಕ್ಕೇ ಆಗದಿರುವುದು ಬೇರೆ. ಹತ್ತನೇ ತರಗತಿಯ ಪಾಠ ಕಲಿಯಲು ಹೆಚ್ಚಿನ ಮಕ್ಕಳಿಗೆ ಬೇಕಾದದ್ದು ಇನ್ನೂ ಸ್ವಲ್ಪ ಸಮಯ ಮತ್ತು ಸರಿಯಾದ ಅಭ್ಯಾಸ.

ಮನೆಯಲ್ಲಿ ಮಾಡಬೇಕಾದ್ದು ಸುಲಭ. "ನನಗೂ ಲೆಕ್ಕ ಬರುತ್ತಿರಲಿಲ್ಲ" ಅನ್ನುವ ಸಮಾಧಾನವನ್ನು ಇವತ್ತೇ ನಿಲ್ಲಿಸಿ. ಪ್ರೀತಿಯಿಂದ ಹೇಳಿದರೂ ಮಗುವಿಗೆ ಅದು ರಕ್ತದಲ್ಲೇ ಬಂದದ್ದು, ಇನ್ನು ಮಾಡಲಿಕ್ಕೇನೂ ಇಲ್ಲ ಅಂತ ಕೇಳಿಸುತ್ತದೆ. ಅದರ ಬದಲು "ಎಲ್ಲಿವರೆಗೆ ಅರ್ಥ ಆಯ್ತು, ಎಲ್ಲಿಂದ ತಪ್ಪಿತು, ತೋರಿಸು" ಅನ್ನಿ. ನಿಮಗೆ ಆ ಲೆಕ್ಕ ಗೊತ್ತಿರಬೇಕಾಗಿಲ್ಲ. ಬೀಡಿ ಕಟ್ಟುತ್ತಾ ಕೂತ ಅಜ್ಜಿಯೂ ಇದನ್ನು ಕೇಳಬಹುದು.

ಹೊಗಳುವಾಗ ಜಾಗ್ರತೆ

ಎಲ್‌ಎಸ್‌ಎಸ್, ಯುಎಸ್‌ಎಸ್ ಸ್ಕಾಲರ್‌ಶಿಪ್ ಸಿಕ್ಕಿದ ಮಕ್ಕಳ ಅಪ್ಪ ಅಮ್ಮಂದಿರು ಇದನ್ನು ಎರಡು ಸಲ ಓದಿ.

1998ರಲ್ಲಿ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರೊಲ್ ಡ್ವೆಕ್ ಎಂಬ ಅಮೆರಿಕದ ಇಬ್ಬರು ಮನಃಶಾಸ್ತ್ರಜ್ಞರು ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳು ಪ್ರಕಟವಾದವು. ಮಕ್ಕಳಿಗೆ ಮೊದಲು ಕೆಲವು ಸಮಸ್ಯೆ ಬಿಡಿಸಲು ಕೊಟ್ಟರು, ಎಲ್ಲರಿಗೂ ಚೆನ್ನಾಗಿ ಮಾಡಿದ್ದೀಯ ಅಂದರು. ಆಮೇಲೆ ಕೆಲವರಿಗೆ "ನೀನು ಬುದ್ಧಿವಂತ ಇರಬೇಕು" ಅಂದರು, ಕೆಲವರಿಗೆ "ನೀನು ಶ್ರಮಪಟ್ಟು ಮಾಡಿರಬೇಕು" ಅಂದರು. ಅಷ್ಟೇ ವ್ಯತ್ಯಾಸ, ಒಂದು ವಾಕ್ಯ. ಎರಡನೇ ಸುತ್ತಿನಲ್ಲಿ ತುಂಬಾ ಕಷ್ಟದ ಸಮಸ್ಯೆ ಕೊಟ್ಟು ಎಲ್ಲರನ್ನೂ ಸೋಲಿಸಿದರು. ಮೂರನೇ ಸುತ್ತಿನಲ್ಲಿ ಮತ್ತೆ ಮೊದಲಿನಷ್ಟೇ ಸುಲಭದ್ದು. ಬುದ್ಧಿವಂತ ಅನ್ನಿಸಿಕೊಂಡವರ ಅಂಕ ಈ ಸಲ ಮೊದಲಿಗಿಂತ ಕೆಳಗಿಳಿಯಿತು. ಶ್ರಮಪಟ್ಟೆ ಅನ್ನಿಸಿಕೊಂಡವರದ್ದು ಏರಿತು. ಇನ್ನೂ ಒಂದು ಉಂಟು. ಬೇರೆ ಶಾಲೆಯ ಮಕ್ಕಳಿಗೆ ನಿಮ್ಮ ಅಂಕ ಬರೆದು ತಿಳಿಸಿ ಅಂದಾಗ, ಬುದ್ಧಿವಂತ ಅನ್ನಿಸಿಕೊಂಡ ಗುಂಪಿನಲ್ಲಿ ಸುಮಾರು 40 ಶೇಕಡ ಮಕ್ಕಳು ಅಂಕ ಹೆಚ್ಚು ಬರೆದು ಸುಳ್ಳು ಹೇಳಿದರು.

ನನಗೆ ಇದರಲ್ಲಿ ಮನಸ್ಸಿಗೆ ನಾಟಿದ್ದು ಆ ಸುಳ್ಳು. ಕೆಟ್ಟ ಮಕ್ಕಳಲ್ಲ. 'ಬುದ್ಧಿವಂತ' ಅನ್ನುವ ಹೆಸರು ಒಮ್ಮೆ ಸಿಕ್ಕಿದರೆ ಅದನ್ನು ಕಾಯುವುದೇ ಒಂದು ಕೆಲಸ ಆಗುತ್ತದೆ. ಗೊತ್ತಿಲ್ಲದ್ದನ್ನು ಕೇಳಿದರೆ ಹೆಸರು ಹೋಗುತ್ತದೆ, ಕಷ್ಟದ ಲೆಕ್ಕಕ್ಕೆ ಕೈ ಹಾಕಿ ತಪ್ಪಿದರೂ ಹೋಗುತ್ತದೆ. ಏಳನೇ ತರಗತಿವರೆಗೆ ಮುಂದಿನ ಬೆಂಚಿನಲ್ಲಿದ್ದು ಒಂಬತ್ತರಲ್ಲಿ ಒಮ್ಮೆಲೇ ಮೌನವಾಗುವ ಮಕ್ಕಳನ್ನು ನೋಡಿದ್ದೀರಲ್ವಾ?

ಹಾಗಾದರೆ ಹೊಗಳಬಾರದಾ? ಹೊಗಳಿ. ಆದರೆ ಮಗು ಮಾಡಿದ್ದನ್ನು ಹೆಸರಿಸಿ ಹೊಗಳಿ. "ಮೊದಲ ದಾರಿ ತಪ್ಪಿದ ಮೇಲೆ ಚಿತ್ರ ಬಿಡಿಸಿ ನೋಡಿದೆಯಲ್ಲ, ಅದರಿಂದ ಲೆಕ್ಕ ಸಿಕ್ಕಿತು." "ನಿನ್ನೆ ಬಾರದ ನಾಲ್ಕು ಪ್ರಶ್ನೆಯಲ್ಲಿ ಇವತ್ತು ಮೂರು ಬಂತು." ಇಂಥ ಮಾತು ಕೇಳಿದ ಮಗುವಿಗೆ ಮುಂದಿನ ಸಲ ಎಂತ ಮಾಡಬೇಕು ಅಂತ ಗೊತ್ತಾಗುತ್ತದೆ. "ಜಾಣ" ಅಂತ ಕೇಳಿದರೆ ಖುಷಿ ಆಗುತ್ತದೆ, ಅಷ್ಟೇ.

ಇದರಲ್ಲೂ ಅತಿ ಮಾಡುವವರು ಇದ್ದಾರೆ. 40ಕ್ಕೆ 8 ಬಂದ ಮಗುವಿನ ಬೆನ್ನು ತಟ್ಟಿ "ಪರವಾಗಿಲ್ಲ, ಪ್ರಯತ್ನ ಪಟ್ಟೆಯಲ್ಲ" ಅನ್ನುವುದು. ಮಗು ಮೂರ್ಖ ಅಲ್ಲ, ಅದಕ್ಕೆ ತನ್ನ ಮಾರ್ಕ್ ಗೊತ್ತು. ಒಂದೇ ತಪ್ಪು ದಾರಿಯಲ್ಲಿ ದಿನಾ ಮೂರು ಗಂಟೆ ಶ್ರಮಪಟ್ಟ ಮಗುವಿಗೆ ಇನ್ನೂ ಶ್ರಮಪಡು ಅನ್ನುವುದು ಸಲಹೆಯಲ್ಲ, ಶಿಕ್ಷೆ. 'ಬುದ್ಧಿ ಬೆಳೆಯುತ್ತದೆ' ಅಂತ ತರಗತಿಯ ಗೋಡೆಗೆ ಚಾರ್ಟ್ ಅಂಟಿಸಿದರೆ ಎಲ್ಲ ಸರಿಯಾಗುತ್ತದೆ ಅನ್ನುವುದೂ ಅಷ್ಟೇ ಪೊಳ್ಳು. 2019ರಲ್ಲಿ ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿ ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ ಬಂತು. ಬುದ್ಧಿ ಬೆಳೆಯಬಲ್ಲದು ಅಂತ ತಿಳಿಸುವ, ಒಂದು ಗಂಟೆಗಿಂತಲೂ ಕಡಿಮೆಯ ಆನ್‌ಲೈನ್ ಪಾಠ. ಹಿಂದೆ ಬಿದ್ದ ಮಕ್ಕಳ ಗ್ರೇಡ್ ಸರಾಸರಿ 0.1 ಏರಿತು, ಅಂದರೆ ಅಲ್ಲಿನ ಲೆಕ್ಕದಲ್ಲಿ ಒಂದು ಗ್ರೇಡಿನ ಹತ್ತರಲ್ಲಿ ಒಂದು ಪಾಲಿನಷ್ಟು. ಒಂದು ಗಂಟೆಗೆ ಅದು ಕಡಿಮೆಯೇನಲ್ಲ, ಆದರೆ ಪವಾಡವೂ ಅಲ್ಲ. ನಂಬಿಕೆ ಬದಲಾದರೆ ಮಗು ಪುಸ್ತಕ ತೆರೆಯುತ್ತದೆ. ತೆರೆದ ಮೇಲೆ ಓದುವುದು ಹೇಗೆ ಅಂತ ಯಾರಾದರೂ ಹೇಳಿಕೊಡಬೇಕಲ್ಲ.

'ವಿಷುವಲ್ ಲರ್ನರ್' ಬಗ್ಗೆ ನೇರವಾಗಿ

ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮಾಡಿ ಕಲಿಯುವವರು ಅಂತ ಮಕ್ಕಳಲ್ಲಿ ನಾಲ್ಕು ಜಾತಿ ಉಂಟು ಅನ್ನುವ ಮಾತು ಬಿಎಡ್ ತರಗತಿಯಿಂದ ವಾಟ್ಸಾಪ್‌ವರೆಗೆ ಹರಡಿದೆ. ನಾಲ್ಕರ ಈ ಪಟ್ಟಿಯನ್ನು ಜನಪ್ರಿಯ ಮಾಡಿದವರು ನ್ಯೂಜಿಲೆಂಡಿನಲ್ಲಿ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ನೀಲ್ ಫ್ಲೆಮಿಂಗ್. ಇದು ನಿಜ ಆಗಬೇಕಾದರೆ ಒಂದು ವಿಷಯ ತೋರಿಸಬೇಕು: 'ನೋಡುವ' ಮಗುವಿಗೆ ಚಿತ್ರದಲ್ಲಿ ಕಲಿಸಿದರೆ ಅದು ಹೆಚ್ಚು ಕಲಿಯಬೇಕು, 'ಕೇಳುವ' ಮಗುವಿಗೆ ಅದೇ ಚಿತ್ರ ಕೊಟ್ಟರೆ ಕಡಿಮೆ ಕಲಿಯಬೇಕು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಎಂಬ ಮನಃಶಾಸ್ತ್ರಜ್ಞ ಮತ್ತು ಇತರ ಮೂವರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿ ನೋಡಿದರು. ಶಾಲೆಯಲ್ಲಿ ಬಳಸಲು ಸಾಕಾಗುವಷ್ಟು ಪುರಾವೆ ಸಿಗಲಿಲ್ಲ. ಆಮೇಲೆ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಯಾರದ್ದು ಯಾವ 'ಶೈಲಿ' ಅಂತ ಹೇಳುವ ಫ್ಲೆಮಿಂಗ್ ಪ್ರಶ್ನಾವಳಿ ಕೊಟ್ಟು ನೋಡಿದಾಗ, ಸುಮಾರು ಮೂರನೇ ಎರಡು ಪಾಲು ಜನ ತಮ್ಮ 'ಶೈಲಿ'ಯಂತೆ ಓದಲೇ ಇಲ್ಲ. ಓದಿದವರಿಗೂ ಅದರಿಂದ ಹೆಚ್ಚು ಅಂಕ ಬರಲಿಲ್ಲ.

ಮಗುವಿಗೆ ಒಂದು ಇಷ್ಟ ಇರುವುದು ನಿಜ. ವಿಡಿಯೋ ಇಷ್ಟ, ಓದು ಬೋರು. ಇಷ್ಟ ಇದ್ದದ್ದರಿಂದ ಹೆಚ್ಚು ಕಲಿಯುತ್ತದೆ ಅನ್ನುವುದಕ್ಕೆ ಮಾತ್ರ ಆಧಾರ ಇಲ್ಲ.

ಯಕ್ಷಗಾನ ಕಲಿಯಲು ಹೋದ ಮಕ್ಕಳನ್ನು ನೋಡಿ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. "ಇವ ಕೇಳಿ ಕಲಿಯುವ ಹುಡುಗ, ಅವನಿಗೆ ಹೆಜ್ಜೆ ಬೇಡ, ಭಾಗವತಿಕೆ ಕೇಳಿಸಿದರೆ ಸಾಕು" ಅಂತ ಯಾವ ಗುರುವಾದರೂ ಹೇಳುತ್ತಾರಾ? ತಾಳ ಕಿವಿಯಿಂದ ಬರಬೇಕು, ಹೆಜ್ಜೆ ಕಾಲಿನಿಂದ, ಮುದ್ರೆ ಕಣ್ಣಿನಿಂದ. ಕಲಿಯುವ ವಸ್ತು ಯಾವುದೋ ಅದಕ್ಕೆ ತಕ್ಕ ದಾರಿ.

ಓದಿನಲ್ಲೂ ಹಾಗೆಯೇ ಮಾಡಿ. ಷಟ್ಪದಿಯನ್ನು ಎಲ್ಲ ಮಕ್ಕಳೂ ಬಾಯಿಬಿಟ್ಟು ಓದಲಿ, ಲಯ ಕಿವಿಗೆ ಬೀಳದೆ ಅದು ಹಿಡಿಯುವುದಿಲ್ಲ. ಪಯಸ್ವಿನಿ ಎಲ್ಲಿಂದ ಬಂದು ಚಂದ್ರಗಿರಿಯಾಗಿ ಸಮುದ್ರ ಸೇರುತ್ತದೆ ಅಂತ ತಿಳಿಯಲು ಎಲ್ಲರಿಗೂ ನಕ್ಷೆ ಬೇಕು. ಲಿಟ್ಮಸ್ ಪರೀಕ್ಷೆ ಎಲ್ಲರೂ ಕೈಯಾರೆ ಮಾಡಲಿ. ಒಂದೇ ಪಾಠಕ್ಕೆ ಮಾತೂ ಚಿತ್ರವೂ ಒಟ್ಟಿಗೆ ಸಿಕ್ಕಿದರೆ ಹೆಚ್ಚಿನ ಮಕ್ಕಳಿಗೆ ಅನುಕೂಲ. ವಿಕ್ಟರ್ಸ್ ಎಂಬ ಶಿಕ್ಷಣ ಚಾನೆಲಿನ ತರಗತಿಯೋ ಯೂಟ್ಯೂಬೋ, ವಿಡಿಯೋ ನೋಡಲಿ ಬಿಡಿ. ಒಂದು ಶರತ್ತು ಹಾಕಿ: ಮುಗಿದ ಮೇಲೆ ಫೋನ್ ಪಕ್ಕಕ್ಕಿಟ್ಟು, ನೋಡಿದ್ದನ್ನು ಐದು ವಾಕ್ಯದಲ್ಲಿ ಬರೆಯಬೇಕು. ಬರೆಯಲಿಕ್ಕೆ ಆಗದಿದ್ದರೆ ನೋಡಿದ್ದು ಮನರಂಜನೆ.

ಈ ಹಣೆಪಟ್ಟಿಯಿಂದ ಇನ್ನೊಂದು ತೊಂದರೆ ಉಂಟು, ನನಗೆ ದೊಡ್ಡದಾಗಿ ಕಾಣುವುದು ಅದೇ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಅಪ್ಪ ಅಮ್ಮ, ಅಧ್ಯಾಪಕರು, ಮಕ್ಕಳು ಕೂಡ 'ನೋಡಿ ಕಲಿಯುವ' ಮಗುವನ್ನು 'ಕೈಯಿಂದ ಮಾಡಿ ಕಲಿಯುವ' ಮಗುವಿಗಿಂತ ಬುದ್ಧಿವಂತ ಅಂತ ಎಣಿಸುತ್ತಾರೆ. ನಮ್ಮಲ್ಲಿ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಯೋಚಿಸಿ. ತೋಟದಲ್ಲಿ ಸ್ಪ್ರಿಂಕ್ಲರ್ ಸರಿಮಾಡುವ, ಪಂಪ್ ಬಿಚ್ಚಿ ಜೋಡಿಸುವ ಹುಡುಗನಿಗೆ "ಅವ ಕೈಕೆಲಸದವ, ಓದು ಅವನಿಗಲ್ಲ" ಅಂತ ಎಂಟನೇ ತರಗತಿಯಲ್ಲೇ ತೀರ್ಪು. ಪಂಪ್ ಬಿಚ್ಚಿ ದೋಷ ಹುಡುಕುವವನಿಗೆ ಭೌತಶಾಸ್ತ್ರ ಹೇಳಿಕೊಡಲಿಕ್ಕೆ ಅದೇ ಪಂಪಿನಿಂದ ಶುರುಮಾಡಬಹುದಿತ್ತು.

ಇನ್ನು ಓದಿಸುವುದು

ನಮ್ಮ ಮಕ್ಕಳು ಓದುವುದು ಅಂದರೆ ಪುಸ್ತಕವನ್ನು ಮೇಲಿನಿಂದ ಕೆಳಗೆ ಮತ್ತೆ ಮತ್ತೆ ಓದುವುದು, ಹಳದಿ ಪೆನ್ನಿನಲ್ಲಿ ಅರ್ಧ ಪುಟ ಬಳಿಯುವುದು. ಗೈಡ್ ಇದ್ದರೆ ಉರು ಹೊಡೆಯುವುದು. 2013ರಲ್ಲಿ ಜಾನ್ ಡನ್ಲಾಸ್ಕಿ ಎಂಬ ಮನಃಶಾಸ್ತ್ರಜ್ಞ ಮತ್ತು ಸಂಗಡಿಗರು ಹತ್ತು ಬಗೆಯ ಓದುವ ವಿಧಾನಗಳನ್ನು ತೂಗಿ ನೋಡಿದಾಗ ಮತ್ತೆ ಓದುವುದು, ಗೆರೆ ಹಾಕುವುದು ಎರಡೂ ಕೆಳಗಿನ ಸಾಲಿಗೆ ಬಿದ್ದವು. ಮೇಲೆ ಬಂದದ್ದು ಎರಡು: ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವುದು, ಓದನ್ನು ದಿನಗಳಲ್ಲಿ ಹಂಚುವುದು.

ಮೊದಲನೆಯದಕ್ಕೆ ಒಂದು ಒಳ್ಳೆಯ ಪ್ರಯೋಗ ಉಂಟು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಕಾಲೇಜು ಮಕ್ಕಳಿಗೆ ಒಂದು ಗದ್ಯಭಾಗ ಕೊಟ್ಟರು. ಕೆಲವರು ನಾಲ್ಕು ಸುತ್ತು ಓದಿದರು. ಕೆಲವರು ಒಂದು ಸುತ್ತು ಓದಿ, ಮೂರು ಸುತ್ತು ಪುಸ್ತಕ ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಆದ ಮೇಲೆ ಕೇಳಿದಾಗ ಓದಿದವರೇ ಮುಂದೆ, 83 ಶೇಕಡ ನೆನಪು, ಬರೆದವರಿಗೆ 71. ಒಂದು ವಾರ ಬಿಟ್ಟು ಕೇಳಿದಾಗ ಓದಿದವರ ಹತ್ತಿರ ಉಳಿದದ್ದು 40, ಬರೆದವರ ಹತ್ತಿರ 61. ತಮಾಷೆ ಎಂತ ಅಂದರೆ, ವಾರದ ನಂತರ ನಿಮಗೆ ಎಷ್ಟು ನೆನಪಿರುತ್ತದೆ ಅಂತ ಮೊದಲೇ ಕೇಳಿದ್ದರು. ಹೆಚ್ಚು ಧೈರ್ಯದಲ್ಲಿದ್ದವರು ನಾಲ್ಕು ಸುತ್ತು ಓದಿದವರು.

ಮನೆಯಲ್ಲಿ ಹೀಗೆ ಮಾಡಿಸಿ. ಪಾಠ ಒಂದು ಸಲ ಗಮನವಿಟ್ಟು ಓದಲಿ. ಪುಸ್ತಕ ಮುಚ್ಚಿ, ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಲಿ. ಅಕ್ಷರ ಚಂದ ಬೇಡ, ಕನ್ನಡ ತುಳು ಮಲಯಾಳ ಬೆರೆತರೂ ತೊಂದರೆ ಇಲ್ಲ. ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪಿನಲ್ಲಿ ಸೇರಿಸಲಿ. ಮರುದಿನ ಮತ್ತೆ, ಈ ಸಲ ಓದದೆ ನೇರವಾಗಿ ಬರೆಯುವುದು. ಆಮೇಲೆ ಮೂರು ನಾಲ್ಕು ದಿನ ಬಿಟ್ಟು, ಆಮೇಲೆ ಒಂದು ವಾರ ಬಿಟ್ಟು. ಪ್ರತಿ ಸಲ ಕೆಂಪು ಕಡಿಮೆ ಆಗುವುದು ಮಗುವಿಗೇ ಕಾಣುತ್ತದೆ. "ನಿನ್ನಿಂದ ಆಗುತ್ತದೆ" ಅಂತ ನೂರು ಸಲ ಹೇಳುವುದಕ್ಕಿಂತ ಆ ಹಾಳೆ ಹೆಚ್ಚು ಕೆಲಸ ಮಾಡುತ್ತದೆ.

ಲೆಕ್ಕಕ್ಕೆ ಇನ್ನೊಂದು ಉಪಾಯ: ಬೆರೆಸಿ ಕೊಡಿ. ಸಮಾಂತರ ಶ್ರೇಣಿಯ ಇಪ್ಪತ್ತು ಲೆಕ್ಕ ಸಾಲಾಗಿ ಮಾಡಿದರೆ ಮೂರನೆಯದರ ನಂತರ ಕೈ ಮಾತ್ರ ಓಡುತ್ತದೆ. ಎರಡು ಶ್ರೇಣಿಯದ್ದು, ಒಂದು ವೃತ್ತದ್ದು, ಒಂದು ಹಿಂದಿನ ತಿಂಗಳ ತ್ರಿಕೋನದ್ದು ಅಂತ ಕಲಸಿದರೆ ಪ್ರತಿ ಸಲ 'ಇಲ್ಲಿ ಯಾವ ದಾರಿ' ಅಂತ ಯೋಚಿಸಲೇಬೇಕು. ಪರೀಕ್ಷೆಯಲ್ಲಿ ಕೇಳುವುದು ಹಾಗೆಯೇ ಅಲ್ವಾ, ಪಾಠದ ಹೆಸರು ಬರೆದು ಯಾರೂ ಪ್ರಶ್ನೆ ಕೊಡುವುದಿಲ್ಲ.

ಈಗ ಬರುತ್ತದೆ ಮುಖ್ಯ ವಿಷಯ. ಈ ಎಲ್ಲ ವಿಧಾನಗಳೂ ಕಷ್ಟ. ಮತ್ತೆ ಮತ್ತೆ ಓದುವಾಗ ಎಲ್ಲ ಗೊತ್ತಿದ್ದ ಹಾಗೆ ಅನ್ನಿಸುತ್ತದೆ, ಖಾಲಿ ಹಾಳೆ ಎದುರಿಗಿಟ್ಟರೆ ಏನೂ ಬರುವುದಿಲ್ಲ ಅನ್ನಿಸುತ್ತದೆ. ತಾನು ದಡ್ಡ ಅಂತ ನಂಬಿದ ಮಗುವಿಗೆ ಆ ಖಾಲಿ ಹಾಳೆಯೇ ಸಾಕ್ಷಿ, ಎರಡನೇ ದಿನ ಪೆನ್ನು ಕೆಳಗಿಡುತ್ತದೆ. ಬುದ್ಧಿವಂತ ಅಂತ ಹೆಸರಾದ ಮಗು ಹೆಸರು ಕೆಡಬಾರದು ಅಂತ ಮೊದಲ ದಿನವೇ ಇಡುತ್ತದೆ. ವಿಷುವಲ್ ಲರ್ನರ್ "ಇದು ನನ್ನ ಸ್ಟೈಲ್ ಅಲ್ಲ" ಅನ್ನುತ್ತದೆ. ಹಾಗಾಗಿ ಶುರುಮಾಡುವ ಮೊದಲೇ ಹೇಳಿಬಿಡಿ: "ಮೊದಲ ಸಲ ಅರ್ಧವೂ ಬರುವುದಿಲ್ಲ, ಎಲ್ಲರಿಗೂ ಹಾಗೆಯೇ, ನೆನಪಿಸಿಕೊಳ್ಳಲು ಒದ್ದಾಡುವಾಗಲೇ ಅದು ಗಟ್ಟಿಯಾಗುವುದು." ಮೊದಲೇ ಹೇಳಿದರೆ ಒದ್ದಾಟ ಮಾಮೂಲಿ ಅನ್ನಿಸುತ್ತದೆ. ಆಮೇಲೆ ಹೇಳಿದರೆ ಸಮಾಧಾನ ಮಾಡಿದ ಹಾಗೆ ಕೇಳಿಸುತ್ತದೆ.

ಎಲ್ಲವೂ ಮಗುವಿನ ತಲೆಯೊಳಗಿಲ್ಲ

ಒಂದು ಎಚ್ಚರಿಕೆ. ಈ ನಂಬಿಕೆಯ ಮಾತನ್ನೆಲ್ಲ ಮಗುವಿನ ಮೇಲೆ ತಪ್ಪು ಹೊರಿಸಲು ಬಳಸಬೇಡಿ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದ ಪ್ರಸಂಗಗಳು ನಮ್ಮ ಜಿಲ್ಲೆಗೆ ಹೊಸತಲ್ಲ. ಪಾಠವೇ ಅರ್ಥವಾಗದ ಭಾಷೆಯಲ್ಲಿ ನಡೆದರೆ ಅಲ್ಲಿ ಬೇಕಾದದ್ದು ಪಿಟಿಎಯಿಂದ ಗಟ್ಟಿ ದೂರು, ಮಗುವಿಗೆ ಉಪದೇಶ ಅಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಎಲ್ಲದರಲ್ಲಿ ಎ ಪ್ಲಸ್ ಬಂದು ಪ್ಲಸ್ ವನ್ (ಹನ್ನೊಂದನೇ ತರಗತಿ) ಸಯನ್ಸಿಗೆ ಸೇರಿದ ಕನ್ನಡ ಮಾಧ್ಯಮದ ಮಕ್ಕಳು ಮೊದಲ ತಿಂಗಳುಗಳಲ್ಲಿ ಕುಸಿಯುವುದೂ ಇಂಥದ್ದೇ. ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಬಹಳ ಸಲ ಮಲಯಾಳದಲ್ಲಿ. "ನಾನು ಎಸ್‌ಎಸ್‌ಎಲ್‌ಸಿಗೆ ಮಾತ್ರ ಸಾಕಾದವ" ಅಂತ ಅವರು ತೀರ್ಮಾನಿಸುತ್ತಾರೆ. ಹೊಸದಾಗಿ ಬಂದದ್ದು ಭಾಷೆಯ ಹೊರೆ, ಬುದ್ಧಿ ಕಡಿಮೆಯಾದದ್ದಲ್ಲ ಅಂತ ಅವರಿಗೆ ಬಿಡಿಸಿ ಹೇಳಿ. ಹೈಸ್ಕೂಲಿನಲ್ಲಿ ಕಲಿತ ಕನ್ನಡ ಪದ ಎಡಕ್ಕೆ, ಈಗಿನ ಇಂಗ್ಲಿಷ್ ಪದ ಬಲಕ್ಕೆ, ಹಾಗೆ ಒಂದು ಸಣ್ಣ ಪುಸ್ತಕ ಮಾಡಿಸಿ: ವೇಗೋತ್ಕರ್ಷ, ಆಕ್ಸಲರೇಷನ್. ಶಾಲೆ ಶುರುವಾಗುವ ಮೊದಲಿನ ರಜೆಯಲ್ಲೇ ಮಾಡಿದರೆ ಇನ್ನೂ ಒಳ್ಳೆಯದು.

ಬೋರ್ಡು ಕಾಣುತ್ತದಾ, ಕಿವಿ ಸರಿ ಕೇಳುತ್ತದಾ, ರಾತ್ರಿ ನಿದ್ದೆ ಎಷ್ಟು ಅಂತಲೂ ನೋಡಿ. ಅಕ್ಷರ ಹಿಂದುಮುಂದಾಗುವುದು, ಓದುವಾಗ ಸಾಲು ತಪ್ಪುವುದು ವರ್ಷಗಟ್ಟಲೆ ಉಳಿದರೆ ಡಿಸ್ಲೆಕ್ಸಿಯಾ ಇರಬಹುದು. ಅದಕ್ಕೆ ಪರಿಣತರ ತಪಾಸಣೆ ಬೇಕು. ದೃಢವಾದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಇಂಥ ಸೌಲಭ್ಯ ಕೇಳಬಹುದು. ಮುಖ್ಯೋಪಾಧ್ಯಾಯರ ಹತ್ತಿರ ವರ್ಷದ ಶುರುವಿನಲ್ಲೇ ವಿಚಾರಿಸಿ.

ಪೇಪರು ಬಂದ ಸಂಜೆ

ಮುಂದಿನ ಪರೀಕ್ಷೆಯ ಪೇಪರು ಮನೆಗೆ ಬಂದ ದಿನ ಮಾರ್ಕ್ ನೋಡಿ ಮುಖ ಬದಲಿಸಬೇಡಿ. ಚಾ ಕುಡಿದು ಆಗಲಿ. ಆಮೇಲೆ ಪಕ್ಕದಲ್ಲಿ ಕೂತು ತಪ್ಪಿದ ಪ್ರಶ್ನೆಗಳನ್ನು ಮೂರು ಬಗೆ ಮಾಡಿಸಿ, ಮಗುವೇ ಮಾಡಲಿ. ಗೊತ್ತಿದ್ದೂ ಅವಸರದಲ್ಲಿ ತಪ್ಪಿದ್ದು. ಓದಿದ್ದೆ, ಆದರೆ ನೆನಪಾಗಲಿಲ್ಲ ಅನ್ನುವುದು. ಮೊದಲಿನಿಂದಲೂ ಅರ್ಥವೇ ಆಗದ್ದು. ಮೊದಲ ಗುಂಪಿಗೆ ಬೇಕಾದದ್ದು ಉತ್ತರ ಬರೆದ ಮೇಲೆ ಐದು ನಿಮಿಷ ತಿರುಗಿ ನೋಡುವ ಅಭ್ಯಾಸ. ಎರಡನೆಯದಕ್ಕೆ ಮೇಲೆ ಹೇಳಿದ ಖಾಲಿ ಹಾಳೆ. ಮೂರನೆಯದನ್ನು ಮನೆಯಲ್ಲಿ ಎಷ್ಟು ಉರು ಹೊಡೆಸಿದರೂ ಪ್ರಯೋಜನ ಇಲ್ಲ. ಆ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆಸಿ, ಮರುದಿನ ಮಾಷ್ಟ್ರ ಹತ್ತಿರ ಕೇಳಲು ಕಳಿಸಿ. ಕೇಳಲು ನಾಚಿಕೆ ಅಂದರೆ ಜೊತೆಗೆ ಒಬ್ಬ ಗೆಳೆಯನನ್ನು ಕಳಿಸಿ. ಅದೂ ಆಗದಿದ್ದರೆ ಕೊನೆಯ ಪೀರಿಯಡ್ ಬಿಡುವ ಹೊತ್ತಿಗೆ ನೀವೇ ಚೀಟಿ ಹಿಡಿದುಕೊಂಡು ಶಾಲೆಗೆ ಹೋಗಿ.